ಕಿವಿ ಒಂದು ಸೀಡಿ ಹಿಂದೆ

ಯಾವ ಹಾರ್ಡ್ ಡಿಸ್ಕ್ ಕೊಳ್ಳಬೇಕು ಅಂತ ಈ ವಾರ ಬರೀತೀನಿ ಎಂದು ಮಾತು ಕೊಟ್ಟಿದ್ದೆ. ಎರಡು ಕೊಳ್ಳಿ, ಒಂದನ್ನು ಬೇರೆ ಊರಲ್ಲಿಡಿ. ನನ್ನ ಎರಡನೆಯದು ಕುಷ್ಟಗಿಯಲ್ಲಿ ತಂಗಿಯ ಮನೆಯ ಜೋಳದ ಡಬ್ಬಿಯ ಪಕ್ಕ ತಣ್ಣಗೆ ಕೂತಿದೆ. ಆ ವಿಷಯ ಮುಗಿಯಿತು.

ಕೊಪ್ಪಳದ ನಮ್ಮನೆ ಕಪಾಟಿನಲ್ಲಿ 640 ಸೀಡಿಗಳಿವೆ. ಒಂದೊಂದನ್ನು ಕಂಪ್ಯೂಟರಿಗೆ ಇಳಿಸಲು ಏಳೆಂಟು ನಿಮಿಷ ಸಾಕು. ಕೇಳಲು ತಾಸು ಬೇಕು. ಪಟಪಟನೆ ಇಳಿಸುತ್ತ ಹೋದರೆ ಎಂಬತ್ತು ತಾಸಿನ ಕೆಲಸ, ಕೇಳುತ್ತ ಇಳಿಸಿದರೆ ದಿನಕ್ಕೊಂದರಂತೆ ಒಂದೂಮುಕ್ಕಾಲು ವರ್ಷ. ನಾನು ಎರಡನೆಯದನ್ನು ಹಿಡಿದಿದ್ದೇನೆ. ಆದರೆ ಇಳಿಯುತ್ತಿರುವ ಸೀಡಿಯನ್ನೇ ಕೇಳುವುದಿಲ್ಲ. ಡ್ರೈವಿನ ಕಣ್ಣು ಒಂದೇ, ಅದು ಎರಡು ಕಡೆ ನೋಡಲಾರದು. ಇವತ್ತಿನ ಸೀಡಿ ಗಿರಗಿರ ತಿರುಗುವಾಗ ನಿನ್ನೆ ಇಳಿಸಿದ, ಸೀಡಿಯ ದನಿಯನ್ನು ಒಂದಿಷ್ಟೂ ಕಳೆಯದ ಫ್ಲ್ಯಾಕ್ ಕಡತವನ್ನು ಕೇಳುತ್ತೇನೆ. ಕಿವಿ ಯಾವಾಗಲೂ ಒಂದು ಸೀಡಿ ಹಿಂದೆ. ಸಂಗೀತ ಕೇಳಿದಂತೆಯೂ ಆಯಿತು, ಕಡತವನ್ನು ತಪಾಸಣೆ ಮಾಡಿದಂತೆಯೂ ಆಯಿತು. ಇಷ್ಟೆಲ್ಲ ಸೇರಿ ಇನ್ನೂರು ಜಿಬಿ ಆಸುಪಾಸು. ಒಂದು ಟೆರಾಬೈಟಿನ ಮೂಲೆಯೂ ತುಂಬದು.

ಟೆರಾಬೈಟ್ ಅಂದಕೂಡಲೇ ಗಂಗಾವತಿಯ ಗೆಳೆಯನ ನೆನಪು. ಆತ ಟೆರಾಬೈಟ್ ಪಂಥದವ. ಯಾರದೋ ಡಿಸ್ಕಿನಿಂದ ಇಡೀ ಕಿರಾನಾ, ಇಡೀ ಗ್ವಾಲಿಯರ್, ಇಡೀ ಜೈಪುರ ಘರಾಣೆಯನ್ನು ಒಂದೇ ರಾತ್ರಿಯಲ್ಲಿ ಎತ್ತಿಕೊಂಡು ಜೇಬಿನಲ್ಲಿ ಹಾಕಿಕೊಂಡಿದ್ದಾನೆ. ‘ಎಷ್ಟು ಕೇಳಿದ್ಯೋ?’ ಅಂದರೆ, ‘ಎಲ್ಲಾ ಐತಿ’ ಅನ್ನುತ್ತಾನೆ. ನಾನು ಕೇಳಿದ್ದು ಅದಲ್ಲ.

ಇದೇ ಆಸಾಮಿ ಹಿಂದೆ ಬಸ್‌ ಸ್ಟ್ಯಾಂಡಿನ ಎದುರು ಕೊಂಡ, ನೂರೈವತ್ತು ಹಾಡಿನ ಎಂಪಿತ್ರೀ ಸೀಡಿ ತೋರಿಸಿ ನನ್ನ ಕಪಾಟನ್ನು ಆಡಿಕೊಂಡಿದ್ದ. ಬಾಕಿ ಚುಕ್ತಾ ಮಾಡಲು ಇದೇ ಹೊತ್ತು. ಸೀಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್. ಆ ಎಂಪಿತ್ರೀಗಳಲ್ಲಿ 128. ಹನ್ನೊಂದು ಪಾಲಿನಲ್ಲಿ ಹತ್ತನ್ನು ಚೆಲ್ಲಿ ‘ವ್ಯತ್ಯಾಸ ಕೇಳಿಸುತ್ತಾ?’ ಅನ್ನುವುದು ಯಾವ ನ್ಯಾಯ? ತಂಬೂರಿಯ ತಂತಿಯಿಂದ ಏಳುವ ಆ ಸಣ್ಣ ಮಿಡುಕು ಅಲ್ಲಿ ನೀರಲ್ಲಿ ಕೂತ ಜರಡಿಯಂತೆ ಗುಳುಗುಳು ಅನ್ನುತ್ತದೆ. 320ರಲ್ಲಿ? ಅಲ್ಲಿ ನನ್ನ ಕಿವಿಯೂ ಸೋತಿದೆ, ಒಪ್ಪುತ್ತೇನೆ. ಆದರೆ ವಿಲಂಬಿತ್ ಮುಗಿದು ದ್ರುತ್ ಏಳುವ ಜಾಗದಲ್ಲಿ ಸೀಡಿಯವರು ಹಾಡನ್ನು ಎರಡು ಟ್ರ್ಯಾಕ್ ಮಾಡಿರುತ್ತಾರೆ. ಎಂಪಿತ್ರೀ ತನ್ನ ಹುಟ್ಟುಗುಣದಿಂದ ಆ ಸಂದಿನಲ್ಲಿ ಒಂದು ಚೂರು ಮೌನ ತುರುಕುತ್ತದೆ. ತಬಲಾದವ ಎಡವಿದಂತೆ ಕೇಳಿಸುತ್ತದೆ. ಪಾಪ, ಆತನದೇನು ತಪ್ಪು?

ಸಮಯ ತಿನ್ನುವುದು ಇಳಿಸುವುದಲ್ಲ, ಹೆಸರು ಬರೆಯುವುದು. ಮಲ್ಲಿಕಾರ್ಜುನ ಮನ್ಸೂರರ ಸೀಡಿ ಹಾಕಿದರೆ ಅಂತರ್ಜಾಲದ ಪಟ್ಟಿ ಇಂಗ್ಲಿಷಿನಲ್ಲಿ ಒಂದು ಸಲ ಒಂದು ‘ಯು’, ಇನ್ನೊಂದು ಸಲ ಎರಡು ‘ಓ’ ಕೊಟ್ಟು ಒಬ್ಬರನ್ನು ಇಬ್ಬರು ಮಾಡುತ್ತದೆ. ಇಸವಿಯ ಕಥೆ ಇನ್ನೂ ಚಂದ: 78 ಆರ್‌ಪಿಎಂ ಕಾಲದ ಮೂರು ನಿಮಿಷದ ಹಾಡಿಗೂ ಸೀಡಿ ಒತ್ತಿದ ವರ್ಷವೇ. ಹಿಂಗಾಗಿ ನಾನು ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಫ್ಲ್ಯಾಕ್ ಯೂನಿಕೋಡ್ ಒಪ್ಪುತ್ತದೆ. ತೋಡಿ ಅಂದರೆ ತೋಡಿ, ಖಟ್ ಅಂದರೆ ಖಟ್. ಎಚ್ ಬೇಕೋ ಬೇಡವೋ ಎಂಬ ಜಗಳವಿಲ್ಲ. ಅಳಿಯನ ಕಾರಿನಲ್ಲಿ ಮಾತ್ರ ಎಲ್ಲ ಪಂಡಿತರೂ ಸಾಲಾಗಿ ಚೌಕದ ಡಬ್ಬಿಗಳಾಗಿ ಕಾಣುತ್ತಾರೆ.

ಹೀಗೆ ಅಡ್ಡಹೆಸರಿನ ಅಕಾರಾದಿಯಲ್ಲಿ ಜೋಡಿಸುತ್ತ ಹೋದಾಗ ಕಂಡದ್ದು ಬಸ್ಸಿನ ಬೋರ್ಡು. ಕುಂದಗೋಳಕರ, ಮನ್ಸೂರ, ಮರಡೂರ, ಹಾನಗಲ್. ನಮ್ಮ ಕಡೆ ಅಡ್ಡಹೆಸರೆಂದರೆ ಊರು ತಾನೆ. ಹಾಗಾದರೆ ಈ ಬಸ್ಸು ಧಾರವಾಡದ ಸುತ್ತಲೇ ಯಾಕೆ ತಿರುಗುತ್ತದೆ? ಕುಷ್ಟಗಿ, ಯಲಬುರ್ಗಾ, ಕನಕಗಿರಿ ಅಂತ ಒಂದೂ ನಿಲ್ದಾಣ ನನ್ನ ಕಪಾಟಿನಲ್ಲಿಲ್ಲ. ಪೂರ್ವದಲ್ಲಿ ಸಿಗುವುದು ರಾಯಚೂರು ಸೀಮೆಯ ಜಂಬಲದಿನ್ನಿ; ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ನನ್ನ ಊಹೆ ಇದು: ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ರೆಕಾರ್ಡಿನ ಕಂಪನಿಗಳೂ ಮುಂಬಯಿಯಲ್ಲಿ ಧ್ವನಿಮುದ್ರಿಸುತ್ತಿದ್ದವು, 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿಯೂ ಬಂತು. ನಾವು 1948ರವರೆಗೆ ನಿಜಾಮನ ಕಡೆ. ಅರವತ್ತು ಕಿಲೋಮೀಟರ್ ಆಚೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತು ನಮ್ಮ ಹಳ್ಳಿಗಳಿಗೆ ವಾಪಸಾದ ಹುಡುಗರು ಮಠದಲ್ಲಿ, ನಾಟಕದಲ್ಲಿ, ಭಜನೆಯಲ್ಲಿ ಹಾಡಿದರು. ಹಾಡಿದ್ದು ಗಾಳಿಗೆ ಹೋಯಿತು.

ಎಲ್ಲವೂ ಹೋಗಲಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಸ್ಕೆಚ್ ಪೆನ್ನಿನಲ್ಲಿ ‘ಗವಿಮಠ ಜಾತ್ರಿ ರಾತ್ರಿ’ ಎಂದಷ್ಟೇ ಬರೆದ ಒಂದು ಸೀಡಿ ಇತ್ತು. ನಮ್ಮೂರ ಗವಿಮಠದ ಜಾತ್ರೆಯದು, ಯಾರೋ ಕ್ಯಾಸೆಟ್ಟಿನಿಂದ ಮನೆಯಲ್ಲಿ ಸುಟ್ಟದ್ದು. ಇಂಥವುಗಳನ್ನೇ ಮೊದಲು ಇಳಿಸಬೇಕಿತ್ತು. ಒತ್ತಿದ ಸೀಡಿಯ ಗುಂಡಿಗಳು ಪ್ಲಾಸ್ಟಿಕ್ಕಿನಲ್ಲಿ ಮೂಡಿರುತ್ತವೆ, ಕಾಯುತ್ತವೆ. ಸುಟ್ಟ ಸೀಡಿಯ ಅಕ್ಷರ ಬರೀ ಬಣ್ಣದಲ್ಲಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಣ್ಣ ಎಷ್ಟು ದಿನ? ನಾನು ಮನ್ಸೂರರ ಹಿಂದೆ ಬಿದ್ದು ಇದನ್ನು ಐದು ತಿಂಗಳು ಕಾಯಿಸಿದ್ದೆ.

ಹಾಕಿದೆ. ಅಂತರ್ಜಾಲದ ಪಟ್ಟಿಯಲ್ಲಿ ಹೆಸರಿಲ್ಲ, ಹೋಲಿಸಿ ನೋಡಲು ಬೇರೆ ಪ್ರತಿಯೂ ಜಗತ್ತಿನಲ್ಲಿಲ್ಲ. ಎರಡು ಟ್ರ್ಯಾಕ್ ಸಲೀಸಾಗಿ ಬಂದವು. ಮೂರನೆಯದರಲ್ಲಿ ಡ್ರೈವು ಏದುಸಿರು ಬಿಡತೊಡಗಿತು. ಒಂದೇ ಜಾಗ ಹತ್ತು ಸಲ, ಇಪ್ಪತ್ತು ಸಲ ಓದಿ ನೋಡಿತು. ಐವತ್ತು ನಿಮಿಷದ ಸೀಡಿಗೆ ಮೂರು ತಾಸು. ಮೊದಲ ಸಲ ಯಂತ್ರ ನನ್ನ ಕಿವಿಗಿಂತ ಹಿಂದೆ ಬಿತ್ತು. ನಡುವೆ ಕರೆಂಟ್ ಹೋದೀತೆಂದು ಎದ್ದು ಚಹಾ ಮಾಡುವ ಧೈರ್ಯವೂ ಆಗಲಿಲ್ಲ.

ಬಂತು. ಭೀಮಪಲಾಸಿಯಂಥದೇನೋ ರಾಗದಲ್ಲಿ ಒಂದು ವಚನ, ದೂರದಲ್ಲಿ ಜಾತ್ರೆಯ ಪೀಪಿ, ಕೊನೆಗೆ ಯಾರೋ ‘ಪೆಟಗಿ ಸರಸ್ರಿ’ ಅನ್ನುವ ದನಿ. ಹಾಡಿದ ದನಿ ಗಂಡಸಿನದು, ನಡುವಯಸ್ಸು, ತಾರ ಷಡ್ಜ ಮುಟ್ಟುವ ಮೊದಲು ಸಣ್ಣಗೆ ಕೆಮ್ಮುತ್ತಾರೆ. ಕಲಾವಿದರ ಹೆಸರಿನ ಜಾಗ ಖಾಲಿ ಬಿಟ್ಟರೆ ತಂತ್ರಾಂಶ ಕಡತವನ್ನು ಪಟ್ಟಿಯ ತಳಕ್ಕೆ ತಳ್ಳುತ್ತದೆ. ಅದಕ್ಕೇ ಬರೆದೆ: ‘ಕೊಪ್ಪಳ, ಕೆಮ್ಮುವವರು’. ಈಗ ಅವರು ನನ್ನ ಪಟ್ಟಿಯಲ್ಲಿ ಗಂಗೂಬಾಯಿ ಹಾನಗಲ್ ಅವರಿಗಿಂತ ಮೇಲೆ, ಕುಂದಗೋಳದ ಪಕ್ಕದಲ್ಲೇ ಕೂತಿದ್ದಾರೆ. ಆ ರಾತ್ರಿ ಪೆಟಗಿ ಸರಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೆಸರು ಹೇಳಿ, ತಿದ್ದುತ್ತೇನೆ.