ಮಗನೇ ದುಭಾಷಿಯಾದಾಗ

ಮೇಜಿನ ಸುತ್ತ ಮುಖ್ಯೋಪಾಧ್ಯಾಯರು, ಶಿಕ್ಷಕರು, ಪೋಷಕರ ಪ್ರತಿನಿಧಿಗಳು ಕುಳಿತಿದ್ದಾರೆ. ಎದುರಿಗೆ ಒಬ್ಬ ತಾಯಿ ಮತ್ತು ಆಕೆಯ ಹದಿಹರೆಯದ ಮಗ. ಹುಡುಗನನ್ನು ಶಾಲೆಯಿಂದ ಹೊರಹಾಕಬೇಕೇ ಎಂಬ ವಿಚಾರಣೆ ನಡೆಯುತ್ತಿದೆ. ತಾಯಿಗೆ ಫ್ರೆಂಚ್ ಬಾರದು. ನನ್ನ ಮಗ ಒಳ್ಳೆಯವನು, ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾನೆ ಎಂದು ಆಕೆ ತನ್ನ ನಾಡಿನ ಭಾಷೆಯಲ್ಲಿ ಹೇಳುತ್ತಾಳೆ. ಅದನ್ನು ಫ್ರೆಂಚ್‌ಗೆ ಅನುವಾದಿಸಬೇಕಾದವನು ಯಾರು? ಆ ಮಗನೇ! ಆರೋಪಿಯೂ ಅವನೇ, ದುಭಾಷಿಯೂ ಅವನೇ. ತನ್ನ ಪರವಾಗಿ ತಾಯಿ ಆಡಿದ ಮಾತನ್ನು ಆತ ತಲೆ ತಗ್ಗಿಸಿ ಒಪ್ಪಿಸುತ್ತಾನೆ. ಸಭೆ ಕೇಳಿಸಿಕೊಳ್ಳುತ್ತದೆ. ನಂತರ ಮತದಾನ ನಡೆಯುತ್ತದೆ. ಹುಡುಗ ಶಾಲೆಯಿಂದ ಹೊರಬೀಳುತ್ತಾನೆ.

ಇದು 2008ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಗೆದ್ದ ಫ್ರೆಂಚ್ ಚಿತ್ರ 'ಆಂತ್ರ್ ಲೆ ಮ್ಯೂರ್'ನ ಒಂದು ದೃಶ್ಯ. ಹೆಸರಿನ ಅರ್ಥ 'ಗೋಡೆಗಳ ನಡುವೆ'. ಇಂಗ್ಲಿಷ್ ಬಲ್ಲವರಿಗೆ ಇದು 'ದಿ ಕ್ಲಾಸ್' ಎಂದು ಪರಿಚಿತ. ನಿರ್ದೇಶಕ ಲೊರಾಂ ಕಾಂತೆ 2024ರಲ್ಲಿ ತೀರಿಕೊಂಡರು. ಶಿಕ್ಷಕರಾಗಿದ್ದ ಫ್ರಾಂಸ್ವಾ ಬೆಗೋದೊ ತಮ್ಮ ಅನುಭವಗಳನ್ನಾಧರಿಸಿ 2006ರಲ್ಲಿ ಬರೆದ ಕಾದಂಬರಿ ಇದರ ಮೂಲ. ಶಿಕ್ಷಕನ ಪಾತ್ರವನ್ನೂ ಅವರೇ ವಹಿಸಿದ್ದಾರೆ. ಮಕ್ಕಳೆಲ್ಲ ಪ್ಯಾರಿಸ್‌ನ 20ನೇ ವಿಭಾಗದ ಒಂದು ಸರ್ಕಾರಿ ಶಾಲೆಯ ನಿಜವಾದ ವಿದ್ಯಾರ್ಥಿಗಳು. ಮಾಲಿ, ಮೊರೊಕ್ಕೊ, ಚೀನಾ, ಕೆರಿಬಿಯನ್ ದ್ವೀಪಗಳು, ಹೀಗೆ ನಾನಾ ಮೂಲದ ಮನೆಗಳಿಂದ ಬಂದ ಮಕ್ಕಳು ಒಂದೇ ತರಗತಿಯಲ್ಲಿದ್ದಾರೆ.

ಸಹನಶೀಲ ಶಿಕ್ಷಕನೊಬ್ಬನ ಕಥೆಯೆಂದು ಈ ಚಿತ್ರವನ್ನು ಹೊಗಳಿದವರು ಅನೇಕ. ನಾವು ಮೊದಲ ಬಾರಿ ನೋಡಿದಾಗ ನಮಗೂ ಹಾಗೆಯೇ ಅನಿಸಿತ್ತು. ಈತ ಮಕ್ಕಳನ್ನು ಬಾಯಿ ಮುಚ್ಚಿಸುವವನಲ್ಲ. ವ್ಯಾಕರಣ ಪಾಠದಲ್ಲಿ ವಾಕ್ಯದ ಉದಾಹರಣೆಗೆ 'ಬಿಲ್' ಎಂಬ ಹೆಸರು ಬಂದಾಗ, ಯಾವಾಗಲೂ ಇಂಥ ಹೆಸರೇ ಏಕೆ, ನಮ್ಮವರ ಹೆಸರೇಕೆ ಬರುವುದಿಲ್ಲ ಎಂದು ಹುಡುಗಿಯರು ತಗಾದೆ ತೆಗೆಯುತ್ತಾರೆ. ನಿಮ್ಮೆಲ್ಲರ ಮೂಲ ನೋಡಿ ಹೆಸರು ಆರಿಸಹೊರಟರೆ ಪಾಠ ಮುಗಿಯುವುದು ಯಾವಾಗ ಎಂದು ಆತ ನಗುತ್ತಾನೆ. ಕೊನೆಗೆ 'ಬಿಲ್' ಹೋಗಿ 'ಐಸಾತಾ' ಬರುತ್ತಾಳೆ. ಈ ದೃಶ್ಯ ನೋಡುವಾಗ ನಮ್ಮ ತುಟಿಯಲ್ಲೂ ನಗು ಸುಳಿಯಿತು. ವಿಭಕ್ತಿ ಪ್ರತ್ಯಯಗಳನ್ನು ನಾವೆಲ್ಲ ಕಲಿತದ್ದು ರಾಮನು, ರಾಮನನ್ನು, ರಾಮನಿಂದ ಎಂದೇ ತಾನೇ? ರಹೀಮನಿಗೂ ಏಳು ವಿಭಕ್ತಿಗಳಿವೆ ಎಂಬುದು ನಮಗೆ ಹೊಳೆದದ್ದು ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ರಾಮನ ಮೇಲೆ ನಮಗೆ ಮುನಿಸೇನೂ ಇರಲಿಲ್ಲ. ಆದರೆ ಪುಸ್ತಕದಲ್ಲಿ ತನ್ನ ಹೆಸರನ್ನು ಹುಡುಕುವ ಮಗುವಿನ ಮನಸ್ಸು ನಮಗೆ ಗೊತ್ತು.

ಆದರೆ ಎರಡನೆಯ ಬಾರಿ ನೋಡಿದಾಗ ನಮ್ಮ ಗಮನ ಬೇರೆಡೆಗೆ ಹೋಯಿತು. ಈ ಶಿಕ್ಷಕ ವರ್ಷವಿಡೀ ಮಾಡುವ ಕೆಲಸ ಮಕ್ಕಳ ಮಾತನ್ನು ತಿದ್ದುವುದು. ಈ ಪದ ಬೀದಿಯದು, ಇದು ಮನೆಯದು, ಇದು ಬರವಣಿಗೆಯದು ಎಂದು ವಿಂಗಡಿಸಿ ಕಲಿಸುತ್ತಾನೆ. ಯಾರೂ ಆಡದ, ಅಜ್ಜಿಯ ಬಾಯಲ್ಲೂ ಕೇಳದ ಹಳೆಯ ಕ್ರಿಯಾರೂಪವನ್ನು ನಾವೇಕೆ ಕಲಿಯಬೇಕು ಎಂದು ಮಕ್ಕಳು ಕೇಳಿದರೆ ಉತ್ತರಿಸಲು ತಡವರಿಸುತ್ತಾನೆ. ಅಂಥವನು ಒಂದು ದಿನ ತಾನೇ ನಾಲಿಗೆ ಜಾರುತ್ತಾನೆ. ತರಗತಿಯ ಪ್ರತಿನಿಧಿಗಳಾಗಿ ಶಿಕ್ಷಕರ ಸಭೆಗೆ ಬಂದಿದ್ದ ಇಬ್ಬರು ಹುಡುಗಿಯರು ಅಲ್ಲಿ ಕಿಸಿಕಿಸಿ ನಕ್ಕಿದ್ದಾರೆ. ಅಷ್ಟೇ ಅಲ್ಲ, ಮಾಲಿ ಮೂಲದ ಹುಡುಗನ ಬಗ್ಗೆ ಆತ ಆಡಿದ್ದ ಮಾತನ್ನು, ಇವನ ಬುದ್ಧಿ ಇಷ್ಟೇ ಎಂಬರ್ಥದ ಮಾತನ್ನು, ಆ ಹುಡುಗನಿಗೇ ಮುಟ್ಟಿಸಿದ್ದಾರೆ. ಸಿಟ್ಟಿಗೆದ್ದ ಶಿಕ್ಷಕ ತುಂಬಿದ ತರಗತಿಯಲ್ಲಿ, ನೀವು ಬಜಾರಿಗಳ ಹಾಗೆ ವರ್ತಿಸಿದಿರಿ ಎಂದುಬಿಡುತ್ತಾನೆ. ಆತ ಬಳಸಿದ ಫ್ರೆಂಚ್ ಪದ ಅದಕ್ಕಿಂತಲೂ ಕೀಳು. ಅದು ವೇಶ್ಯೆಗೆ ಹೇಳುವ ಮಾತು ಎಂದು ಹುಡುಗಿಯರು ಪ್ರತಿಭಟಿಸಿದರೆ, ನನ್ನ ಲೆಕ್ಕದಲ್ಲಿ ಅದರ ಅರ್ಥ ಬೇರೆ ಎನ್ನುತ್ತಾನೆ! ಮಕ್ಕಳ ಒಂದೊಂದು ಪದಕ್ಕೂ ನಿಘಂಟಿನ ಅರ್ಥ ಹುಡುಕುತ್ತಿದ್ದವನಿಗೆ ತನ್ನ ಪದಕ್ಕೆ ತನ್ನದೇ ಅರ್ಥ ಬೇಕು.

ಗಲಾಟೆ ಹೆಚ್ಚುತ್ತದೆ. ಆ ಹುಡುಗ ಸುಲೇಮಾನ್ ಎದ್ದು ನಿಂತು ಶಿಕ್ಷಕನನ್ನು ಏಕವಚನದಲ್ಲಿ ಮಾತನಾಡಿಸುತ್ತಾನೆ. ತರಗತಿಯಿಂದ ದಡಬಡಿಸಿ ಹೊರಹೋಗುವಾಗ ಅವನ ಚೀಲ ತಗಲಿ ಸಹಪಾಠಿಯ ಹುಬ್ಬಿನ ಬಳಿ ರಕ್ತ ಬರುತ್ತದೆ. ಏಕವಚನ, ಬಹುವಚನಗಳ ಮರ್ಯಾದೆ ಬಲ್ಲ ಕನ್ನಡಿಗರಿಗೆ ಈ ಅಪರಾಧದ ತೂಕ ವಿವರಿಸಬೇಕಾಗಿಲ್ಲ. ಆದರೆ ಶಿಕ್ಷಕರು ಮಕ್ಕಳಿಗೆ ದಿನವೂ ಬಳಸುವುದು ಅದೇ ಏಕವಚನ. ಇನ್ನು ಘಟನೆಯ ಬಗ್ಗೆ ಶಿಕ್ಷಕ ಬರೆದುಕೊಟ್ಟ ವರದಿಯಲ್ಲಿ ಹುಡುಗನ ತಪ್ಪಿದೆ, ತಾನಾಡಿದ ಆ ಪದ ಇಲ್ಲ. ಚಿತ್ರ ಇದನ್ನು ಮುಚ್ಚಿಡುವುದಿಲ್ಲ ಎಂಬುದೇ ಅದರ ದೊಡ್ಡತನ.

ಈ ಶಾಲೆಯವರು ಕೆಟ್ಟವರೇನಲ್ಲ. ಚೀನೀ ಹುಡುಗ ವೇ ಎಂಬವನ ತಾಯಿ ಕಾಗದಪತ್ರವಿಲ್ಲದ ಕಾರಣಕ್ಕೆ ಬಂಧಿತಳಾದಾಗ ಇದೇ ಶಿಕ್ಷಕರು ವಕೀಲನಿಗಾಗಿ ಹಣ ಕೂಡಿಸುತ್ತಾರೆ. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಿ ಎಂದಾಗ ಸುಲೇಮಾನ್ ಬರೆಯಲಾಗದೆ ಫೋಟೊಗಳನ್ನು ತಂದರೆ, ಶಿಕ್ಷಕ ಅವನ್ನು ಮೆಚ್ಚಿ ತರಗತಿಯ ಗೋಡೆಗೆ ಅಂಟಿಸುತ್ತಾನೆ. ಹುಡುಗನ ಮುಖ ಅರಳುತ್ತದೆ. ನಮ್ಮ ತಕರಾರು ಇರುವುದು ಇಲ್ಲಿಯೇ. ಅವನ ಬದುಕು ಗೋಡೆಯ ಮೇಲಿನ ಚಿತ್ರವಾಗಿರುವಷ್ಟು ಹೊತ್ತು ಶಾಲೆಗೆ ಅದು ಪ್ರಿಯ. ಅದೇ ಬದುಕು ತಾಯಿಯ ರೂಪದಲ್ಲಿ ಬಂದು ಎದುರಿಗೆ ಕುಳಿತಾಗ ಒಬ್ಬ ದುಭಾಷಿಯನ್ನು ಕರೆಸುವಷ್ಟು ವ್ಯವಧಾನವೂ ಇಲ್ಲ. ಹೊರಹಾಕಿದರೆ ತಂದೆ ಅವನನ್ನು ಮಾಲಿಗೆ ಕಳಿಸಿಬಿಡಬಹುದು ಎಂಬುದು ಶಿಕ್ಷಕನಿಗೆ ಗೊತ್ತಿದೆ. ಗೊತ್ತಿದ್ದೂ ಆತ ವಿಚಾರಣಾ ಸಮಿತಿಯಲ್ಲಿ ಸದಸ್ಯನಾಗಿ ಕೂರುತ್ತಾನೆ.

ಮನೆಯಲ್ಲಿ ಬ್ಯಾರಿ, ದಖನಿ, ತುಳು, ಲಂಬಾಣಿ ಆಡುವ ಮಕ್ಕಳು ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಇದ್ದಾರೆ. ಅವರ ತಾಯಂದಿರು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಮಾತನಾಡಲು ಮಗಳನ್ನೇ ಮುಂದೆ ತಳ್ಳುವುದನ್ನು ನೋಡಿದವರು ಈ ದೃಶ್ಯವನ್ನು ಪ್ಯಾರಿಸ್‌ನದೆಂದು ತಳ್ಳಿಹಾಕಲಾರರು.

ಚಿತ್ರ ಮಾತನಾಡದ ಸಂಗತಿಯೂ ಒಂದಿದೆ. ಇಷ್ಟೊಂದು ಮುಸ್ಲಿಮ್ ಮನೆಗಳ ಮಕ್ಕಳಿರುವ ತರಗತಿಯಲ್ಲಿ ಒಬ್ಬ ಹುಡುಗಿಯ ತಲೆಯ ಮೇಲೂ ಸ್ಕಾರ್ಫ್ ಇಲ್ಲ. ಇದು ಕಾಕತಾಳೀಯವಲ್ಲ. 1989ರಲ್ಲಿ ಕ್ರೇಯ್ ಪಟ್ಟಣದ ಶಾಲೆಯೊಂದರಲ್ಲಿ ಮೂವರು ಹುಡುಗಿಯರಿಂದ ಶುರುವಾದ ವಿವಾದ, ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸುವ ಕಾನೂನಿನಲ್ಲಿ ಕೊನೆಗೊಂಡಿತ್ತು. ಆ ಕಾನೂನಿನ ದಿನಾಂಕ 2004ರ ಮಾರ್ಚ್ 15. ಹದಿನೆಂಟು ವರ್ಷಗಳ ನಂತರ, 2022ರ ಅದೇ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಉಡುಪಿಯ ವಿದ್ಯಾರ್ಥಿನಿಯರ ಅರ್ಜಿಗಳನ್ನು ವಜಾಗೊಳಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಾಂತೆ ಈ ಬಗ್ಗೆ ಭಾಷಣ ಮಾಡಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ಎಲ್ಲದರ ಬಗ್ಗೆಯೂ ಜಗಳವಾಡುವ ಈ ಬಾಯಿಬಡುಕ ಮಕ್ಕಳು ಇದೊಂದರ ಬಗ್ಗೆ ಸುಮ್ಮನಿರುವುದು ನಂಬಲು ಸ್ವಲ್ಪ ಕಷ್ಟ.

ಕ್ಯಾಮರಾ ಶಾಲೆಯ ಆವರಣ ದಾಟುವುದಿಲ್ಲ ಎಂಬ ದೂರನ್ನು ಮಾತ್ರ ನಾವು ಒಪ್ಪುವುದಿಲ್ಲ. ಸುಲೇಮಾನನ ಮನೆ ತೋರಿಸಿದ್ದರೆ ನಮಗೆ ಕನಿಕರ ಹುಟ್ಟುತ್ತಿತ್ತು, ಅಷ್ಟೇ. ತೋರಿಸದೆ ಇರುವುದರಿಂದ ಶಿಕ್ಷಕನಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ ಕಾಣುತ್ತದೆ. ಅದು ಎಷ್ಟು ಕಡಿಮೆ ಎಂಬುದೂ ಅರಿವಾಗುತ್ತದೆ.

ವರ್ಷದ ಕೊನೆಯ ದಿನ, ಏನು ಕಲಿತಿರಿ ಎಂದು ಶಿಕ್ಷಕ ಒಬ್ಬೊಬ್ಬರನ್ನೇ ಕೇಳುತ್ತಾನೆ. 'ಬಜಾರಿ' ಎನಿಸಿಕೊಂಡಿದ್ದ ಎಸ್ಮೆರಾಲ್ಡಾ ತಾನು ಪ್ಲೇಟೋನ 'ರಿಪಬ್ಲಿಕ್' ಓದಿದೆ ಎನ್ನುತ್ತಾಳೆ. ಪುಸ್ತಕ ಸಿಕ್ಕಿದ್ದು ಶಾಲೆಯಲ್ಲಲ್ಲ, ಅಕ್ಕನಿಂದ. ಶಿಕ್ಷಕ ಬೆರಗಾಗುತ್ತಾನೆ. ಎಲ್ಲರೂ ಹೊರಟ ಮೇಲೆ ಆರಿಯೆತ್ ಎಂಬ, ವರ್ಷವಿಡೀ ಬಾಯಿ ಬಿಡದ ಹುಡುಗಿ ಮೇಜಿನ ಬಳಿ ಬಂದು, ನಾನು ಏನೂ ಕಲಿಯಲಿಲ್ಲ ಎಂದು ಮೆಲ್ಲಗೆ ಹೇಳುತ್ತಾಳೆ. ಆತನ ಬಳಿ ಉತ್ತರವಿಲ್ಲ. ಅಂಗಳದಲ್ಲಿ ಶಿಕ್ಷಕರೂ ಮಕ್ಕಳೂ ಸೇರಿ ಫುಟ್‌ಬಾಲ್ ಆಡುತ್ತಾರೆ. ಆ ಗದ್ದಲದಲ್ಲಿ ಸುಲೇಮಾನ್ ಇಲ್ಲ. ಯಾರೂ ಅವನನ್ನು ನೆನೆಯುವುದೂ ಇಲ್ಲ.