ಸದ್ದಿಲ್ಲದೆ ಸಾಲು ತಪ್ಪಿದಾಗ

ಪೈಥಾನಿಗೆ 3, ನ್ಯಾನ್ (NaN, ಅಂದರೆ 'ಸಂಖ್ಯೆಯಲ್ಲ'), 1 ಎಂಬ ಪಟ್ಟಿ ಕೊಟ್ಟು ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಲು ಹೇಳಿ. ಬರುವ ಉತ್ತರ: 3, ನ್ಯಾನ್, 1. ಕೊಟ್ಟದ್ದು ಕೊಟ್ಟ ಹಾಗೇ ವಾಪಸ್ಸು. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ವಿಜ್ಞಾನದ ಲೆಕ್ಕಕ್ಕಾಗಿ ಕೋಡ್ ಬರೆಯುವವರೆಲ್ಲ ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಸೆನ್ಸರ್ ಕೈಕೊಟ್ಟ ಗಂಟೆಯಲ್ಲಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಕಡೆ, ಸಂಖ್ಯೆಯ ಜಾಗದಲ್ಲಿ ನ್ಯಾನ್ ಬಂದು ಕೂರುತ್ತದೆ. 1985ರ ಐಇಇಇ 754 ಮಾನದಂಡದ ಪ್ರಕಾರ ಅದು ಯಾವುದಕ್ಕಿಂತಲೂ ಚಿಕ್ಕದಲ್ಲ, ದೊಡ್ಡದಲ್ಲ, ತನಗೆ ತಾನೇ ಸಮವೂ ಅಲ್ಲ. ಸಾರ್ಟಿಂಗ್ ನಿಂತಿರುವುದೇ ಹೋಲಿಕೆಯ ಮೇಲೆ. ನ್ಯಾನ್ 3ಕ್ಕಿಂತ ಚಿಕ್ಕದೇ? ಅಲ್ಲ. 1 ನ್ಯಾನ್‌ಗಿಂತ ಚಿಕ್ಕದೇ? ಅದೂ ಅಲ್ಲ. ಹಾಗಾದರೆ ಸಾಲು ಸರಿಯಾಗಿಯೇ ಇದೆ ಎಂದು ಪೈಥಾನ್ ತೀರ್ಮಾನಿಸಿಬಿಡುತ್ತದೆ. 3 ಮತ್ತು 1 ಮುಖಾಮುಖಿಯಾಗುವುದೇ ಇಲ್ಲ. ಪೈಥಾನ್ ಲೈಬ್ರರಿಯಾದ ನಂಪೈ ನ್ಯಾನ್‌ಗಳನ್ನೆಲ್ಲ ಕೊನೆಗೆ ತಳ್ಳುತ್ತದೆ. ಆರ್ ಭಾಷೆಯ ಸಾರ್ಟ್, ನಾವು ಬೇರೆ ಹೇಳದಿದ್ದರೆ, ಅವನ್ನು ಕಿತ್ತೇ ಹಾಕುತ್ತದೆ. ಅರೇ ಗಿಡ್ಡವಾಗಿ ಹೊರಬರುತ್ತದೆ. ಸಾರ್ಟ್‌ಗೆ ಮೊದಲು ನ್ಯಾನ್ ಎಣಿಸಬೇಕು, ಆಮೇಲೆ ಉದ್ದ ನೋಡಬೇಕು. ಈ ಎರಡು ಸಾಲಿನ ಕೋಡಿಗೆ ಸೋಮಾರಿತನ ಮಾಡಬಾರದು.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಸಾರ್ಟ್ ಮಾಡಬೇಕಾದಲ್ಲಿ ಮಾಡದೇ ಬಿಟ್ಟ ತಪ್ಪು. ಅಣುಗಳ ಎನ್‌ಎಂಆರ್ ಲೆಕ್ಕಕ್ಕೆಂದು ಕೆಲವು ಪೈಥಾನ್ ಸ್ಕ್ರಿಪ್ಟ್‌ಗಳು 2014ರಲ್ಲಿ 'ನೇಚರ್ ಪ್ರೋಟೊಕಾಲ್ಸ್' ಪತ್ರಿಕೆಯ ಲೇಖನವೊಂದರ ಜೊತೆ ಬಂದವು. ರಸಾಯನ ವಿಜ್ಞಾನಿಗಳು ನಂಬಿ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟದ್ದು ಇಷ್ಟು: ಅದೇ ಸ್ಕ್ರಿಪ್ಟ್, ಅವೇ ಫೈಲುಗಳು, ಆದರೆ ಆಪರೇಟಿಂಗ್ ಸಿಸ್ಟಂ ಬದಲಾದರೆ ಉತ್ತರವೂ ಬದಲು. ಫೋಲ್ಡರಿನ ಫೈಲುಗಳ ಹೆಸರು ತಂದುಕೊಡುವ ಗ್ಲಾಬ್ ಯಾವ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ. ಸ್ಕ್ರಿಪ್ಟ್ ಮಾತ್ರ ಫೈಲುಗಳು ಸಾಲಾಗಿಯೇ ಬರುತ್ತವೆ ಎಂದುಕೊಂಡಿತ್ತು. ಬಂದ ಹೆಸರುಗಳನ್ನು ಮೊದಲೇ ಸಾರ್ಟ್ ಮಾಡಿದ್ದರೆ ಸಾಕಿತ್ತು. ತಪ್ಪು ಉತ್ತರವೂ ನೋಡಲು ನಂಬುವಂತೆಯೇ ಇದ್ದದ್ದರಿಂದ ಐದು ವರ್ಷ ಅದು ಬಯಲಾಗಲಿಲ್ಲ.

ಹೆಸರುಗಳನ್ನು ಸಾರ್ಟ್ ಮಾಡುವಾಗಲೂ ಅಕ್ಷರಕ್ರಮದಲ್ಲಿ '10' ಎಂಬುದು '9'ಕ್ಕಿಂತ ಮೊದಲು ಬರುತ್ತದೆ. '09' ಎಂದು ಬರೆದಿಟ್ಟರೆ ಆ ತೊಂದರೆ ತಪ್ಪುತ್ತದೆ. ಜೋಡಿ ಅರೇಗಳ ವಿಷಯದಲ್ಲಂತೂ ನಾನು ಕಟ್ಟುನಿಟ್ಟು. ಸಮಯದ ಅರೇ, ಉಷ್ಣಾಂಶದ ಅರೇ ಎರಡಿದ್ದು ಒಂದನ್ನಷ್ಟೇ ಸಾರ್ಟ್ ಮಾಡಿದರೆ ಮಧ್ಯಾಹ್ನದ ಬಿಸಿಲು ನಡುರಾತ್ರಿಯ ಲೆಕ್ಕಕ್ಕೆ ಸೇರುತ್ತದೆ. ಸಮಯದ ಅರೇಗೆ ನಂಪೈಯ ಆರ್ಗ್‌ಸಾರ್ಟ್ ಹಾಕಿ ಕ್ರಮಸಂಖ್ಯೆಗಳನ್ನು ಪಡೆದು, ಎರಡೂ ಅರೇಗಳನ್ನು ಅದೇ ಕ್ರಮದಲ್ಲಿ ಜೋಡಿಸಬೇಕು.