ಸದಾರಮೆಯ ಕಳ್ಳನೂ ನಮ್ಮ ತೋಟದ ಕಳ್ಳನೂ

ಗುಬ್ಬಿ ಕಂಪನಿಯ 'ಸದಾರಮೆ' ಬರೀ ಹಾಡು-ಹಾಸ್ಯದ ನಾಟಕ ಅಂತ ಪಕ್ಕಕ್ಕೆ ಸರಿಸುವವರಿದ್ದಾರೆ. ಅದೇ ನಮ್ಮ ರಂಗಭೂಮಿಯ ಸುವರ್ಣಯುಗ ಅಂತ ಕೈಮುಗಿಯುವವರೂ ಇದ್ದಾರೆ. ಎರಡೂ ಮಾತು ನಮಗೆ ಸಾಲವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಗುಬ್ಬಿ ನೆರೆಯ ಊರು. ನಾಟಕ ಬರೆದ ನರಹರಿ ಶಾಸ್ತ್ರಿಗಳ ಬೆಳ್ಳಾವೆಯೂ ಇದೇ ಜಿಲ್ಲೆಯದು. ಹಾಗಾಗಿ ನಮ್ಮ ಜನ ಯಾರನ್ನು ಕಂಡು ನಕ್ಕರು, ಯಾಕೆ ನಕ್ಕರು ಅಂತ ನಾವೇ ಕೇಳಬೇಕು.

ಕಂಪನಿ ಹುಟ್ಟಿದ್ದು 1884ರಲ್ಲಿ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' 1934ರಲ್ಲಿ ಬಂದರೆ, ಮರುವರ್ಷವೇ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ 'ಸದಾರಮೆ'ಯೂ ಪರದೆಗೆ ಬಂತು. ಗುಬ್ಬಿ ವೀರಣ್ಣ, ಕೆ. ಅಶ್ವತ್ಥಮ್ಮ ಅದರಲ್ಲಿದ್ದರು. ಕಥೆ ಇಷ್ಟು: ಸೆಟ್ಟಿಯ ಮಗಳು ಸದಾರಮೆಯನ್ನು ಮೆಚ್ಚಿದ ರಾಜಕುಮಾರ ಅವಳಿಗಾಗಿ ರಾಜ್ಯವನ್ನೇ ಸೆಟ್ಟಿಯ ಮಗ ಆದಿಮೂರ್ತಿಗೆ ಬಿಟ್ಟುಕೊಡುತ್ತಾನೆ. ಗಂಡಹೆಂಡತಿ ಬೀದಿಪಾಲಾಗುತ್ತಾರೆ. ಸದಾರಮೆ ಕಳ್ಳನ ಕೈಗೆ ಸಿಕ್ಕಿ, ಅವನನ್ನು ಏಮಾರಿಸಿ, ಗಂಡುವೇಷ ತೊಟ್ಟು ಗೆಲ್ಲುತ್ತಾಳೆ. ಕೊನೆಗೆ ಎಲ್ಲ ಸುಖಾಂತ.

ಇದರಲ್ಲಿ ರಾಜ ಇದ್ದಾನೆ, ಸೆಟ್ಟಿ ಇದ್ದಾನೆ. ಉಳುವವನು ಎಲ್ಲಿ? ಕೂಲಿಯವನು ಎಲ್ಲಿ? ಕೆಳಗಿನಿಂದ ಬಂದವನು ಅಂದರೆ ಕಳ್ಳ ಒಬ್ಬನೇ. ಆದರೂ ನೋಡಿ, ಕಂಪನಿಯ ಯಜಮಾನ ವೀರಣ್ಣನವರು ಹೆಸರು ಮಾಡಿದ್ದು ಕಿರೀಟದಿಂದಲ್ಲ, ಆ ಕಳ್ಳನ ಪಾತ್ರದಿಂದ. ಇದು ಸಣ್ಣ ಮಾತಲ್ಲ. ಜರತಾರಿ ಅಂಗಿಯ ರಾಜಕುಮಾರ ರಾಗವಾಗಿ ಹಾಡುತ್ತಾ ನಿಂತಾಗ, ಜನರ ಬಾಯಿಮಾತು ರಂಗಕ್ಕೆ ಬಂದದ್ದು ಕಳ್ಳನ ಬಾಯಲ್ಲಿ.

ಆದರೆ ಅವನು ಯಾಕೆ ಕಳ್ಳನಾದ ಅಂತ ನಾಟಕ ಕೇಳುವುದಿಲ್ಲ. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರು ಅಂತ ಪಟ್ಟಿ ಮಾಡುವ ಕಾಯ್ದೆಯನ್ನು ಬ್ರಿಟಿಷರು ತಂದದ್ದು 1871ರಲ್ಲಿ. ಆ ಬಗೆಯ ಕಾನೂನು ರದ್ದಾದದ್ದು 1952ರಲ್ಲಿ. ಅಂದರೆ ಟಾಕಿ ಬಂದ ಕಾಲಕ್ಕೆ ಹೊರಗೆ ಪೊಲೀಸರ ಮುಂದೆ ಹಾಜರಿ ಹಾಕುವ 'ಕಳ್ಳ'ರಿದ್ದರು, ಒಳಗೆ ನಗಿಸುವ ಕಳ್ಳನಿದ್ದ. ಇವನನ್ನು ಕಂಡು ಚಪ್ಪಾಳೆ ತಟ್ಟಿದ ಕೈ ಅವನ ಪರವಾಗಿ ಏಳಲಿಲ್ಲ.

ವೇಷದ ಉಪಯೋಗವೇ ಇದು. ಸೆಟ್ಟಿಯ ದುರಾಸೆಯನ್ನು ರಾಜರ ಕಾಲಕ್ಕೆ ದೂಡಿದರೆ ಇವತ್ತಿನ ಮಂಡಿಯವನಿಗೆ ಯಾವ ನೋವೂ ಇಲ್ಲ. ಅವನೂ ಮುಂದಿನ ಸಾಲಲ್ಲಿ ಕೂತು ನಗಬಹುದು. ಹಾಲಿವುಡ್ಡಿನದೂ ಇದೇ ಹಾದಿ. 1929ರಲ್ಲಿ ಲೂಬಿಷ್ ಮಾಡಿದ 'ದಿ ಲವ್ ಪೆರೇಡ್' ಸಿಲ್ವೇನಿಯಾ ಎಂಬ ಕಲ್ಪಿತ ರಾಜ್ಯದ ಹಾಡು-ಹಾಸ್ಯದ ಚಿತ್ರ. ಅಲ್ಲಿ ಆಳುವ ರಾಣಿ ಕೊನೆಗೆ ಗಂಡನಿಗೆ ತಲೆಬಾಗುತ್ತಾಳೆ. ಆಳು-ಸೇವಕಿಯರ ಪಾಲಿಗೆ ಕುಣಿತ, ಕೋತಿಚೇಷ್ಟೆ. ನಮ್ಮ ಸದಾರಮೆಯೂ ಗಂಡುವೇಷ ಇರುವತನಕ ಮಾತ್ರ ಧೀರೆ. ವೇಷ ಕಳಚಿದ ಮೇಲೆ ಮತ್ತೆ ಹೆಂಡತಿ.

ಈಗ ನಮ್ಮ ತೋಟಕ್ಕೆ ಬನ್ನಿ. ಮರ ಹತ್ತಿ ಕಾಯಿ ಕೆಡವುವವರು, ಸಿಪ್ಪೆ ಸುಲಿಯುವವರು, ನಾರು ಬಡಿಯುವವರು ಯಾರು? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋದಾಗ ದುಡ್ಡು ಎಣಿಸುವವರು ಯಾರು? ಬಿದ್ದ ಒಂದು ಕಾಯಿಯನ್ನು ಕೂಲಿಯವಳು ಸೆರಗಲ್ಲಿ ಕಟ್ಟಿಕೊಂಡರೆ ಅವಳು ಕಳ್ಳಿ. ತೂಕದಲ್ಲಿ, ಕೂಲಿಯಲ್ಲಿ ಹೊಡೆದುಕೊಂಡವನು ಸಾಹುಕಾರ. ರಂಗದ ಮೇಲಿನ ಕಳ್ಳನಿಗೆ ಒನ್ಸ್ ಮೋರ್, ತೋಟದ ಕಳ್ಳಿಗೆ ಬೈಗುಳ!

ಹಾಗಂತ 'ಸದಾರಮೆ'ಯನ್ನು ಸುಟ್ಟುಹಾಕಿ ಅಂತ ನಾವು ಹೇಳೋದಿಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ಪಾತ್ರವನ್ನು ತಾವೇ ಮಾಡಿ, ಗಂಡಸಿನ ಸೊತ್ತಾಗಿದ್ದ ನಗುವನ್ನು ಹೆಣ್ಣಿನ ಕೈಗೆ ತಂದರು. 1977ರ ಬೆಲ್ಚಿ ಹತ್ಯಾಕಾಂಡದ ಮೇಲೆ 'ಸಮುದಾಯ' ಬೀದಿನಾಟಕ ಆಡಿತು. ಅಲ್ಲಿ ಕಿರೀಟವೂ ಬೇಕಾಗಲಿಲ್ಲ, ಪರದೆಯೂ ಬೇಕಾಗಲಿಲ್ಲ. ಈ ಎರಡು ದಾರಿ ಸೇರಬೇಕು. ಬರೀ ಆಕ್ರೋಶದ ನಾಟಕಕ್ಕೆ ನಮ್ಮ ಅವ್ವಂದಿರು ದಣಿದು ಬಂದು ಕೂರುವುದಿಲ್ಲ, ಅವರಿಗೆ ಹಾಡು ಬೇಕು, ನಗು ಬೇಕು. ಅದು ಅವರ ಹಕ್ಕು.

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಹುಡುಕುವ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು: 'ಸದಾರಮೆ'ಯನ್ನೇ ಆಡಿಸಿ. ಆದರೆ ಕಳ್ಳ ರಂಗಕ್ಕೆ ಬಂದಾಗ ಅವನ ಊರು, ಕೇರಿ, ಹಸಿವು ಕೇಳುವ ಒಂದು ದೃಶ್ಯವನ್ನು ನಿಮ್ಮ ಹುಡುಗರ ಕೈಲೇ ಬರೆಸಿ. ಕೇರಿಯ ಹುಡುಗನಿಗೆ ಕಳ್ಳನ ಪಾತ್ರ ಕೊಟ್ಟು ಸುಮ್ಮನಾಗಬೇಡಿ. ರಾಜಕುಮಾರನ ಪಾತ್ರಕ್ಕೂ ಅವನನ್ನು ಕರೆಯಿರಿ.